ಮುಂದೆ ಹೋಗುವ ಕಾರು, ಹಿಂದೆ ತಿರುಗುವ ಚಕ್ರ: ಆ ವಿಡಿಯೊದ ಗುಟ್ಟು ತಿಳಿಸುವ ಹ್ಯಾರಿ ನೈಕ್ವಿಸ್ಟ್ ಕಥೆ

ಮುಂಗಾರು ಶುರುವಾದ ಮೇಲೆ ಗುಂಡ್ಲುಪೇಟೆಯ ಸುತ್ತಮುತ್ತ ಸೂರ್ಯಕಾಂತಿ, ಚೆಂಡುಹೂ ಹೊಲಗಳು ಅರಳುತ್ತವೆ. ಮೈಸೂರು–ಊಟಿ ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಫೋನ್ ತೆಗೆಯುತ್ತಾರೆ. ಅಂಥ ಒಂದು ವಿಡಿಯೊ ನಿಮ್ಮ ಬಳಿ ಇದ್ದರೆ ಹೂವು ಬಿಟ್ಟು ಹಿಂದಿನ ರಸ್ತೆಯನ್ನು ನೋಡಿ. ಕಾರು ಬಂಡೀಪುರದ ಕಡೆ ಮುಂದಕ್ಕೆ ಹೋಗುತ್ತಿರುತ್ತದೆ, ಅದರ ಚಕ್ರ ಮಾತ್ರ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿರಬಹುದು.

ಇಂಥ ವಿಡಿಯೊಗಳು ವಾಟ್ಸಾಪ್‌ನಲ್ಲಿ ಬರುವಾಗ ಒಬ್ಬೊಬ್ಬರು ಒಂದೊಂದು ಶೀರ್ಷಿಕೆ ಹಾಕುತ್ತಾರೆ. ರೆಕ್ಕೆ ತಿರುಗದೆ ಹಾರುವ ಹೆಲಿಕಾಪ್ಟರ್, ಮೇಲಕ್ಕೆ ಹರಿಯುವ ನೀರು, ಹಿಮ್ಮುಖ ಚಕ್ರ. ಕೆಲವರಿಗೆ ಅದು ಪವಾಡ, ಕೆಲವರಿಗೆ ಎಡಿಟಿಂಗ್. ಬಹಳಷ್ಟು ಸಲ ಎರಡೂ ಅಲ್ಲ. ಯಾರೂ ಎಡಿಟ್ ಮಾಡಿರುವುದಿಲ್ಲ, ಕ್ಯಾಮೆರಾ ತಾನು ಕಂಡದ್ದನ್ನೇ ದಾಖಲಿಸಿರುತ್ತದೆ. ಆದರೂ ತೋರಿಸಿದ್ದು ನಿಜವಾಗಿರುವುದಿಲ್ಲ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಸುಮಾರು 100 ವರ್ಷ ಹಿಂದೆ ತಂತಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಎಂಜಿನಿಯರ್ ಅವರ ಹೆಸರಿನೊಂದಿಗೆ ಅಂಟಿಕೊಂಡಿದೆ. ಅವರು ಹ್ಯಾರಿ ನೈಕ್ವಿಸ್ಟ್. ನೀವು ಕಳಿಸುವ ವಾಯ್ಸ್ ಮೆಸೇಜ್, ಮಾಡುವ ಕರೆ, ತೆಗೆಸುವ ಇಸಿಜಿ ಎಲ್ಲದರಲ್ಲೂ ಆ ಹೆಸರಿನ ಒಂದು ಲೆಕ್ಕ ಓಡುತ್ತಿರುತ್ತದೆ.

ಒಂದೇ ಹೆಸರಿನ ಇಬ್ಬರು

ಹ್ಯಾರಿ ಹುಟ್ಟಿದ್ದು 1889ರ ಫೆಬ್ರವರಿ 7ರಂದು, ಸ್ವೀಡನ್ ದೇಶದ ವೆರ್ಮ್‌ಲ್ಯಾಂಡ್ ಪ್ರಾಂತ್ಯದ ನಿಲ್ಸ್‌ಬಿ ಎಂಬ ಹಳ್ಳಿಯಲ್ಲಿ. ತಂದೆ ಲಾರ್ಸ್ ಯೋನ್ಸನ್, ತಾಯಿ ಕತಾರಿನಾ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸು ಕಡಿಮೆ.

ತಂದೆಯ ಹೆಸರು ಯೋನ್ಸನ್ ಆದರೆ ಮಗ ನೈಕ್ವಿಸ್ಟ್ ಆದದ್ದು ಹೇಗೆ? ಅದಕ್ಕೊಂದು ಮಾತಿದೆ. ಅಕ್ಕಪಕ್ಕದಲ್ಲೇ ಇನ್ನೊಬ್ಬ ಲಾರ್ಸ್ ಯೋನ್ಸನ್ ಇದ್ದನಂತೆ. ಇವರಿಗೆ ಬಂದ ಕಾಗದ ಅವರ ಮನೆಗೆ, ಅವರಿಗೆ ಬಂದದ್ದು ಇವರ ಮನೆಗೆ ಹೋಗುತ್ತಿತ್ತು. ಈ ಗೋಜಲು ತಪ್ಪಿಸಲು ಕುಟುಂಬ ಹೆಸರನ್ನೇ ಬದಲಿಸಿತಂತೆ. ಮುಂದೆ ಹ್ಯಾರಿಯ ಹೆಸರು ಯಾವ ಸಮಸ್ಯೆಯೊಂದಿಗೆ ಅಂಟಿಕೊಂಡಿತೋ ಅದು ಕೂಡ ಹೀಗೆಯೇ ಇದೆ: ಬೇರೆ ಬೇರೆ ಎರಡು ಸಂಗತಿಗಳು ಒಂದೇ ಹೆಸರಿನಲ್ಲಿ ಬಂದರೆ ಗುರುತಿಸುವುದು ಹೇಗೆ?

ಹುಡುಗ ಓದಿನಲ್ಲಿ ಚುರುಕಾಗಿದ್ದ. ಇವನು ಮುಂದೆ ಓದಬೇಕು ಎಂದು ಶಾಲೆಯ ಮೇಷ್ಟ್ರಿಗೆ ಆಸೆ. ಮನೆಯವರಿಗೆ ಓದಿಸುವ ಶಕ್ತಿ ಇರಲಿಲ್ಲ. ಅಮೆರಿಕಕ್ಕೆ ಹೋದರೆ ಓದಲು ದಾರಿ ಸಿಗಬಹುದು ಎಂಬ ಸಲಹೆ ಬಂತು. ಹ್ಯಾರಿ ಕೂಲಿ ಕೆಲಸ ಮಾಡಿ ಹಡಗಿನ ದುಡ್ಡು ಕೂಡಿಟ್ಟ. 1907ರಲ್ಲಿ, 18ನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಹೊರಟ. ಹೊಲ ಬಿಟ್ಟು ಬಸ್ ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗಿ ಓದಿದ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಈ ಕಥೆ ಹೊಸದಲ್ಲ.

ಅಲ್ಲಿಯೂ ನೇರವಾಗಿ ಕಾಲೇಜು ಸಿಗಲಿಲ್ಲ. ನಾರ್ತ್ ಡಕೋಟಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು 1912ರಲ್ಲಿ, ಅಂದರೆ ಅಮೆರಿಕ ಸೇರಿ ಐದು ವರ್ಷ ಆದ ಮೇಲೆ. ಆಮೇಲೆ ವೇಗವೋ ವೇಗ. 1914ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, 1915ರಲ್ಲಿ ಸ್ನಾತಕೋತ್ತರ ಪದವಿ, 1917ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಪಿಎಚ್‌ಡಿ. ಅದೇ ವರ್ಷ ಎಟಿ ಅಂಡ್ ಟಿ ಎಂಬ ದೊಡ್ಡ ಟೆಲಿಫೋನ್ ಕಂಪನಿಯಲ್ಲಿ ಕೆಲಸ. 1954ರಲ್ಲಿ ನಿವೃತ್ತರಾಗುವವರೆಗೂ ಅವರು ಅದೇ ಸಂಸ್ಥೆಯಲ್ಲಿ, 1934ರ ನಂತರ ಅದರ ಸಂಶೋಧನಾ ಅಂಗವಾದ ಬೆಲ್ ಲ್ಯಾಬ್ಸ್‌ನಲ್ಲಿ ಉಳಿದರು.

ತಂತಿಯಲ್ಲಿ ಎಷ್ಟು ತುರುಕಬಹುದು?

ಆಗ ಸಂದೇಶ ಹೋಗುತ್ತಿದ್ದದ್ದು ತಂತಿಯಲ್ಲಿ. ಟೆಲಿಗ್ರಾಫ್ ಎಂದರೆ ವಿದ್ಯುತ್ತಿನ ಸಣ್ಣ ಸಣ್ಣ ಬಡಿತಗಳ ಸಾಲು. ಬೇಗ ಬೇಗ ಬಡಿದರೆ ಹೆಚ್ಚು ಸಂದೇಶ ಹೋಗುತ್ತದೆ, ಕಂಪನಿಗೆ ಹೆಚ್ಚು ದುಡ್ಡು. ಆದರೆ ತೀರಾ ಬೇಗ ಬಡಿದರೆ ಒಂದು ಬಡಿತದ ಬಾಲ ಇನ್ನೊಂದರ ಮೇಲೆ ಬಿದ್ದು ಆ ಕಡೆ ಏನೂ ಅರ್ಥವಾಗುವುದಿಲ್ಲ. ಮಿತಿ ಎಲ್ಲಿದೆ?

ನೈಕ್ವಿಸ್ಟ್ ಅವರು 1924ರಲ್ಲಿ ಒಂದು, 1928ರಲ್ಲಿ ಇನ್ನೊಂದು ಪ್ರಬಂಧದಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಪ್ರತಿ ತಂತಿಗೂ ತಾನು ಸಾಗಿಸಬಲ್ಲ ಕಂಪನಗಳ ಒಂದು ಅಗಲ ಇರುತ್ತದೆ. ಆ ಅಗಲ ಎಷ್ಟೋ, ಒಂದು ಸೆಕೆಂಡಿನಲ್ಲಿ ಅದರ ಎರಡು ಪಟ್ಟು ಬಡಿತಗಳನ್ನು ಮಾತ್ರ ಒಂದಕ್ಕೊಂದು ತಾಗದಂತೆ ಕಳಿಸಬಹುದು. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಇದು ಯಂತ್ರದ ದೋಷ ಅಲ್ಲ, ಲೆಕ್ಕದ ನಿಯಮ.

ಇದನ್ನೇ ಕನ್ನಡಿಯಲ್ಲಿ ತಿರುಗಿಸಿ ನೋಡಿದರೆ ನಮ್ಮ ಫೋನಿಗೆ ಬೇಕಾದ ನಿಯಮ ಸಿಗುತ್ತದೆ. ಒಂದು ಧ್ವನಿಯಲ್ಲಿ ಸೆಕೆಂಡಿಗೆ ಇಂತಿಷ್ಟು ಕಂಪನಗಳವರೆಗೆ ಇದೆ ಎಂದಾದರೆ, ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಕಡಿಮೆ ಅಳೆದರೆ ಧ್ವನಿ ಸ್ವಲ್ಪ ಮಸುಕಾಗುತ್ತದೆ, ಅಷ್ಟೇ ಎಂದು ನಾವು ಅಂದುಕೊಳ್ಳುತ್ತೇವೆ. ಅದು ತಪ್ಪು. ಕಡಿಮೆ ಅಳೆದರೆ ಇಲ್ಲದ ಧ್ವನಿ ಹುಟ್ಟಿಕೊಳ್ಳುತ್ತದೆ.

56 ದಿನಕ್ಕೊಂದು ಸಂತೆ

ಒಂದು ಊರಲ್ಲಿ 7 ದಿನಕ್ಕೊಮ್ಮೆ ಸಂತೆ ನಡೆಯುತ್ತದೆ. ನೀವು ಆ ಊರಿಗೆ ಸರಿಯಾಗಿ 8 ದಿನಕ್ಕೊಮ್ಮೆ ಮಾತ್ರ ಹೋಗುತ್ತೀರಿ. ಮೊದಲ ಸಲ ಸಂತೆ ಸಿಕ್ಕಿತು. ಮುಂದಿನ ಸಲ ಸಂತೆಯ ಮರುದಿನ ಹೋದಿರಿ, ಅದರ ಮುಂದಿನ ಸಲ ಇನ್ನೂ ಒಂದು ದಿನ ತಡ. ಹೀಗೆ ಮತ್ತೆ ಸಂತೆ ಸಿಗುವುದು 56ನೇ ದಿನ. ಡೈರಿಯಲ್ಲಿ ಬರೆದುಕೊಂಡದ್ದನ್ನು ಮಾತ್ರ ನಂಬಿದರೆ, ಆ ಊರಲ್ಲಿ 56 ದಿನಕ್ಕೊಮ್ಮೆ ಸಂತೆ ಎಂದು ನೀವು ಆಣೆ ಮಾಡಿ ಹೇಳುತ್ತೀರಿ. ನೀವು ಬರೆದ ಒಂದು ಸಾಲೂ ಸುಳ್ಳಲ್ಲ. ತೀರ್ಮಾನ ಮಾತ್ರ ಪೂರ್ತಿ ಸುಳ್ಳು.

ಕಾರಿನ ಚಕ್ರದ ಕಥೆಯೂ ಇದೇ. ಐದು ಕಡ್ಡಿಯ ಅಲಾಯ್ ವೀಲ್ ಎಂದುಕೊಳ್ಳಿ. ಒಂದು ಕಡ್ಡಿಗೂ ಇನ್ನೊಂದಕ್ಕೂ 72 ಡಿಗ್ರಿ ಅಂತರ, ಐದೂ ನೋಡಲು ಒಂದೇ ಥರ. ನಿಮ್ಮ ಫೋನ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಎರಡು ಚಿತ್ರಗಳ ನಡುವೆ ಚಕ್ರ ಸರಿಯಾಗಿ 72 ಡಿಗ್ರಿ ತಿರುಗಿದರೆ ಒಂದು ಕಡ್ಡಿಯ ಜಾಗಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ, ಚಕ್ರ ತಿರುಗೇ ಇಲ್ಲ ಅನ್ನಿಸುತ್ತದೆ. ಸುತ್ತಳತೆ 1.9 ಮೀಟರ್ ಇರುವ ಚಕ್ರಕ್ಕೆ ಇದು ಗಂಟೆಗೆ ಸುಮಾರು 41 ಕಿ.ಮೀ. ವೇಗದಲ್ಲಿ ಆಗುತ್ತದೆ. ಕಾರು ಸುಮಾರು 35 ಕಿ.ಮೀ.ಗೆ ಇಳಿದರೆ ಚಕ್ರ 72ರ ಬದಲು 62 ಡಿಗ್ರಿ ತಿರುಗುತ್ತದೆ. ನಮ್ಮ ಕಣ್ಣಿಗೆ ಅದು 10 ಡಿಗ್ರಿ ಹಿಂದಕ್ಕೆ ಹೋದಂತೆ ಕಾಣುತ್ತದೆ.

ಎಂಜಿನಿಯರ್‌ಗಳು ಇದನ್ನು ಅಲಿಯಾಸಿಂಗ್ ಎನ್ನುತ್ತಾರೆ. ಪೊಲೀಸ್ ಸುದ್ದಿಯಲ್ಲಿ ಇಂಥವನು ಅಲಿಯಾಸ್ ಇಂಥವನು ಎಂದು ಓದುತ್ತೇವಲ್ಲ, ಅದೇ ಅಲಿಯಾಸ್. ವೇಗದ ಕಂಪನವೊಂದು ನಿಧಾನ ಕಂಪನದ ಹೆಸರಿಟ್ಟುಕೊಂಡು ಒಳಗೆ ಬಂದು ಕೂರುತ್ತದೆ. ಒಮ್ಮೆ ಒಳಗೆ ಬಂದರೆ ಯಾವುದು ಅಸಲಿ, ಯಾವುದು ನಕಲಿ ಎಂದು ಆ ಅಳತೆಗಳನ್ನಷ್ಟೇ ನೋಡಿ ಹೇಳಲು ಬರುವುದಿಲ್ಲ. ಇಬ್ಬರು ಲಾರ್ಸ್ ಯೋನ್ಸನ್‌ಗಳ ಕಾಗದ ಒಂದೇ ಡಬ್ಬಿಗೆ ಬಿದ್ದ ಹಾಗೆ.

ಇಲ್ಲದ ಹೃದಯದ ಬಡಿತ

ಚಕ್ರ ಹಿಂದಕ್ಕೆ ತಿರುಗಿದರೆ ನಕ್ಕು ಸುಮ್ಮನಾಗಬಹುದು. ಎಲ್ಲ ಕಡೆ ಹಾಗಲ್ಲ. ಒಂದು ಲೆಕ್ಕ ನೋಡಿ.

ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಆಚೀಚೆ ಆಗುತ್ತದೆ. ಗೋಡೆಯ ವೈರಿನಿಂದ ಈ 50ರ ಗುಂಯ್‌ ಸದ್ದು ಇಸಿಜಿ ಯಂತ್ರದ ಅಳತೆಯೊಳಗೂ ಸ್ವಲ್ಪ ನುಸುಳುತ್ತದೆ. ಯಂತ್ರ ಸೆಕೆಂಡಿಗೆ 490 ಸಲ ಅಳೆಯುತ್ತದೆ ಎಂದುಕೊಳ್ಳಿ. ಅಷ್ಟು ಅಳತೆ ಇದ್ದರೆ 50ರ ಸದ್ದು 50ರ ಸದ್ದಾಗಿಯೇ ಕಾಣುತ್ತದೆ, ಪತ್ತೆ ಹಚ್ಚಿ ತೆಗೆಯಬಹುದು. ಈಗ ಯಾರೋ ಜಾಗ ಉಳಿಸಲು ಹತ್ತು ಅಳತೆಯಲ್ಲಿ ಒಂದನ್ನು ಇಟ್ಟುಕೊಂಡು ಒಂಬತ್ತನ್ನು ಎಸೆದರು. ಉಳಿದದ್ದು ಸೆಕೆಂಡಿಗೆ 49. ಸಂತೆಯ ಲೆಕ್ಕದಂತೆ 50ರ ಸದ್ದು ಈಗ ಸೆಕೆಂಡಿಗೆ 1 ಸಲ ಏರಿಳಿಯುವ ಅಲೆಯಾಗಿ ಕಾಣುತ್ತದೆ. ಅಂದರೆ ನಿಮಿಷಕ್ಕೆ 60. ಆರೋಗ್ಯವಂತರ ಹೃದಯ ಬಡಿಯುವ ವೇಗ!

ಇದು ಎಲ್ಲೋ ನಡೆದ ಘಟನೆಯ ವರದಿ ಅಲ್ಲ, ಅಪಾಯ ಏನೆಂದು ತೋರಿಸುವ ಲೆಕ್ಕ. ಸರಿಯಾಗಿ ಮಾಡಿದ ವೈದ್ಯಕೀಯ ಯಂತ್ರಗಳಲ್ಲಿ ಹೀಗಾಗದಂತೆ ಫಿಲ್ಟರ್ ಇರುತ್ತದೆ. ಆ ಫಿಲ್ಟರ್ ಏಕೆ ಬೇಕು ಎಂಬುದು ಮಾತ್ರ ಈಗ ಗೊತ್ತಾಯಿತಲ್ಲ: ಎಸೆಯುವ ಮುಂಚೆ ಸೋಸದಿದ್ದರೆ ಉಳಿದದ್ದು ಸುಳ್ಳು ಹೇಳುತ್ತದೆ.

ಮೈಕ್ ಕೂಗು, ರೇಡಿಯೊದ ಸರ್ ಸದ್ದು

ನೈಕ್ವಿಸ್ಟ್ ಈ ಒಂದೇ ವಿಷಯಕ್ಕೆ ಅಂಟಿಕೊಂಡವರಲ್ಲ. ಅದೇ 1928ರಲ್ಲಿ ಇನ್ನೊಂದು ಕೆಲಸ ಪ್ರಕಟವಾಯಿತು. ಅವರ ಸಹೋದ್ಯೋಗಿ ಜಾನ್ ಜಾನ್ಸನ್ ಕೂಡ ಸ್ವೀಡನ್‌ನಿಂದ ಬಂದು, ನಾರ್ತ್ ಡಕೋಟಾದಲ್ಲೂ ಯೇಲ್‌ನಲ್ಲೂ ಓದಿದವರು. ಯಾವ ಸಂದೇಶವೂ ಇಲ್ಲದಾಗಲೂ ತಂತಿಯಲ್ಲಿ ಸಣ್ಣ ಸರ್ ಎನ್ನುವ ಗದ್ದಲ ಇರುವುದನ್ನು ಜಾನ್ಸನ್ ಅಳೆದಿದ್ದರು. ಬಿಸಿಯಿಂದ ಎಲೆಕ್ಟ್ರಾನ್‌ಗಳು ಕುಣಿಯುವುದೇ ಅದಕ್ಕೆ ಕಾರಣ, ಅದು ಇಷ್ಟೇ ಇರಬೇಕು ಎಂಬ ಸೂತ್ರವನ್ನು ನೈಕ್ವಿಸ್ಟ್ ಕೊಟ್ಟರು.

1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಎಂಬ ಇನ್ನೊಬ್ಬ ಎಂಜಿನಿಯರ್ ನ್ಯೂಯಾರ್ಕ್‌ನಲ್ಲಿ ದೋಣಿಯಲ್ಲಿ ಕೆಲಸಕ್ಕೆ ಹೋಗುವಾಗ ಹೊಸ ಬಗೆಯ ಆಂಪ್ಲಿಫೈಯರ್ ಉಪಾಯ ಹೊಳೆದು ಪತ್ರಿಕೆಯ ಹಾಳೆಯ ಮೇಲೆ ಗೀಚಿಕೊಂಡರು. ಅದು ಒಳ್ಳೆಯದೇ, ಆದರೆ ಕೆಲವೊಮ್ಮೆ ತಾನಾಗಿಯೇ ಕೂಗಲು ಶುರು ಮಾಡುತ್ತಿತ್ತು. ಊರ ಹಬ್ಬದಲ್ಲಿ ಮೈಕನ್ನು ಸ್ಪೀಕರ್ ಹತ್ತಿರ ಹಿಡಿದರೆ ಕುಂಯ್ ಎಂದು ಕಿವಿ ಕಿತ್ತುಹೋಗುತ್ತದಲ್ಲ, ಹಾಗೆ. ಯಾವಾಗ ಕೂಗುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂದು ಒಂದು ರೇಖಾಚಿತ್ರ ಬರೆದು ಮೊದಲೇ ಹೇಳುವ ದಾರಿಯನ್ನು ನೈಕ್ವಿಸ್ಟ್ 1932ರಲ್ಲಿ ತೋರಿಸಿದರು. ಕಂಟ್ರೋಲ್ ಸಿಸ್ಟಮ್ಸ್ ಓದುವ ವಿದ್ಯಾರ್ಥಿಗಳು ಆ ಚಿತ್ರವನ್ನು ಇಂದಿಗೂ ಬರೆಯುತ್ತಾರೆ.

ಅವರ ಹೆಸರಿನಲ್ಲಿ 138 ಪೇಟೆಂಟ್‌ಗಳಿವೆ. ಬೆಲ್ ಲ್ಯಾಬ್ಸ್‌ನ ಇತಿಹಾಸ ಬರೆದವರು ಇನ್ನೊಂದು ಸಂಗತಿ ಹೇಳುತ್ತಾರೆ. ಅಲ್ಲಿ ಅತಿ ಹೆಚ್ಚು ಪೇಟೆಂಟ್ ಪಡೆದವರಲ್ಲಿ ಸಮಾನವಾದದ್ದು ಏನು ಎಂದು ವಕೀಲರು ಹುಡುಕಿದರಂತೆ. ಸಿಕ್ಕಿದ್ದು ಒಂದೇ: ಅವರೆಲ್ಲ ಆಗಾಗ ನೈಕ್ವಿಸ್ಟ್ ಜೊತೆ ಕೂತು ತಿಂಡಿಯೋ ಊಟವೋ ಮಾಡುತ್ತಿದ್ದರು. ಅವರು ಉಪಾಯಗಳನ್ನು ಕೊಡುತ್ತಿದ್ದರು ಅಂತಲ್ಲ. ಎದುರಿಗಿದ್ದವರು ಯೋಚಿಸುವಂತಹ ಪ್ರಶ್ನೆ ಕೇಳುತ್ತಿದ್ದರು.

ಒಂದು ತಪ್ಪು ಕಲ್ಪನೆ ಇಲ್ಲೂ ಇದೆ

ಅನೇಕ ಪೋಸ್ಟ್‌ಗಳಲ್ಲಿ ಸ್ಯಾಂಪ್ಲಿಂಗ್ ಸೂತ್ರವನ್ನು ನೈಕ್ವಿಸ್ಟ್ ಕಂಡುಹಿಡಿದರು ಎಂದು ಸಲೀಸಾಗಿ ಬರೆದಿರುತ್ತಾರೆ. ಅದು ಪೂರ್ತಿ ಸರಿಯಲ್ಲ. ಅವರು ಬರೆದದ್ದು ತಂತಿಯ ಬಡಿತಗಳ ಬಗ್ಗೆ. ಅಳತೆಗಳಿಂದ ಮೂಲ ಧ್ವನಿಯನ್ನು ಪೂರ್ತಿ ಮರಳಿ ಕಟ್ಟಬಹುದು ಎಂಬ ಗಣಿತದ ಬೀಜ ಬ್ರಿಟನ್ನಿನ ವಿಟೇಕರ್ ಅವರ 1915ರ ಬರಹದಲ್ಲಿದೆ. ರಷ್ಯಾದ ಕೊಟೆಲ್ನಿಕೊವ್ 1933ರಲ್ಲಿ ಅದನ್ನು ಸಂಪರ್ಕ ತಂತ್ರಜ್ಞಾನಕ್ಕೆ ಅನ್ವಯಿಸಿದರು. ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಎಂಜಿನಿಯರ್‌ಗಳಿಗೆ ಒಪ್ಪುವಂತೆ ಸ್ಪಷ್ಟವಾಗಿ ಸಾಧಿಸಿ ತೋರಿಸಿದರು. ಎರಡು ಅಳತೆಗಳ ನಡುವಿನ ಗರಿಷ್ಠ ಅಂತರಕ್ಕೆ ನೈಕ್ವಿಸ್ಟ್ ಹೆಸರಿಟ್ಟವರೂ ಶಾನನ್ ಅವರೇ. ಆ ಅಂತರದ ಮಹತ್ವವನ್ನು ಟೆಲಿಗ್ರಾಫಿನಲ್ಲಿ ಮೊದಲು ಗುರುತಿಸಿದ್ದಕ್ಕೆ ಸಲ್ಲಿಸಿದ ಗೌರವ ಅದು.

ಟೆಲಿಫೋನಿನಲ್ಲಿ ಧ್ವನಿಯನ್ನು ಅಂಕಿಗಳಾಗಿ ಮಾಡಿ ಕಳಿಸುವ ವ್ಯವಸ್ಥೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1962ರಲ್ಲಿ. ಆಗ ನೈಕ್ವಿಸ್ಟ್ ನಿವೃತ್ತರಾಗಿ ಎಂಟು ವರ್ಷವಾಗಿತ್ತು. ಮಾತಿಗೆ 3,400 ಕಂಪನಗಳವರೆಗೆ ಸಾಕು ಎಂದು ತೀರ್ಮಾನಿಸಿ, ಸ್ವಲ್ಪ ಜಾಗ ಬಿಟ್ಟು 4,000 ಎಂದು ಹಿಡಿದು, ಅದರ ಎರಡು ಪಟ್ಟು ಅಂದರೆ ಸೆಕೆಂಡಿಗೆ 8,000 ಸಲ ಅಳೆದರು. ಹಳೆಯ ಲ್ಯಾಂಡ್‌ಲೈನಿನಲ್ಲಿ ಸ ಮತ್ತು ಫ ಒಂದೇ ಥರ ಕೇಳುತ್ತಿದ್ದದ್ದು ಇದರಿಂದಲೇ. ಅವೆರಡರ ವ್ಯತ್ಯಾಸ ಹೆಚ್ಚಾಗಿ 3,400ಕ್ಕಿಂತ ಮೇಲಿದೆ, ಅದನ್ನು ಬೇಕೆಂದೇ ಸೋಸಿ ತೆಗೆಯಲಾಗಿತ್ತು.

ನಿಮ್ಮ ಫೋನಿನೊಳಗಿನ ಜರಡಿ

ಇಂದಿನ ಫೋನ್ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಕರೆಗೆ ಬೇಕಾದದ್ದು 8,000 ಎಂದುಕೊಳ್ಳೋಣ. ಆರರಲ್ಲಿ ಒಂದನ್ನು ಇಟ್ಟುಕೊಂಡು ಐದನ್ನು ಬಿಡಬೇಕು. ಈ ಕೆಲಸಕ್ಕೆ ಡೆಸಿಮೇಷನ್ ಎಂದು ಹೆಸರು. ರೋಮನ್ ಸೈನ್ಯದಲ್ಲಿ ದಂಗೆ ಎದ್ದ ತುಕಡಿಯ ಹತ್ತರಲ್ಲಿ ಒಬ್ಬನನ್ನು ಕೊಲ್ಲುವ ಶಿಕ್ಷೆಯಿಂದ ಬಂದ ಪದ ಇದು.

ಸುಮ್ಮನೆ ಬಿಟ್ಟರೆ ಏನಾಗುತ್ತದೆ? ಬಂಡೀಪುರದ ಕಾಡಂಚಿನಲ್ಲಿ ಜೀರುಂಡೆಯ ಸದ್ದು ರೆಕಾರ್ಡ್ ಮಾಡಿದಿರಿ, ಅದು 5,000 ಕಂಪನದ್ದು ಎಂದಿಟ್ಟುಕೊಳ್ಳಿ. ಸೋಸದೆ 8,000ಕ್ಕೆ ಇಳಿಸಿದರೆ ಅದು 3,000 ಕಂಪನದ ಸದ್ದಾಗಿ ಕೇಳುತ್ತದೆ. ಅಂಥ ಸದ್ದು ಆ ಕಾಡಿನಲ್ಲಿ ಇರಲೇ ಇಲ್ಲ. ಆದ್ದರಿಂದ ಬಿಡುವ ಮುಂಚೆ 4,000ಕ್ಕಿಂತ ಮೇಲಿನದನ್ನು ಸೋಸಬೇಕು. ಆ ಜರಡಿಯೇ ಡೆಸಿಮೇಷನ್ ಫಿಲ್ಟರ್.

ಸೋಸುವುದು ಎಂದರೆ ಗುಣಿಸಿ ಕೂಡುವುದು. ಅದಕ್ಕೆ ಬ್ಯಾಟರಿ ಖರ್ಚಾಗುತ್ತದೆ. ಬೇಡದ್ದನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಬೇಕು ಎಂದರೆ, ಎಂಜಿನಿಯರ್‌ಗಳು ಬಳಸುವ ಸಾಮಾನ್ಯ ಸೂತ್ರದ ಪ್ರಕಾರ ಪ್ರತಿ ಅಳತೆಗೂ ಸುಮಾರು 290 ಗುಣಾಕಾರ ಬೇಕು. 48,000 ಅಳತೆಗೆ ಸೆಕೆಂಡಿಗೆ ಸುಮಾರು 1 ಕೋಟಿ 39 ಲಕ್ಷ. ಇದನ್ನು ಕಡಿಮೆ ಮಾಡುವುದು ಹೇಗೆ?

ಮೊದಲ ಉಪಾಯ ಸುಲಭ. ಹೇಗೂ ಐದನ್ನು ಎಸೆಯುತ್ತೇವೆ, ಎಸೆಯುವುದಕ್ಕೆ ಲೆಕ್ಕ ಯಾಕೆ? ಇಟ್ಟುಕೊಳ್ಳುವ 8,000ಕ್ಕೆ ಮಾತ್ರ ಲೆಕ್ಕ ಮಾಡಿದರೆ ಸುಮಾರು 23 ಲಕ್ಷಕ್ಕೆ ಇಳಿಯಿತು.

ಎರಡನೆಯದು ಮನೆಯ ಹೆಂಗಸರಿಗೆ ಗೊತ್ತಿರುವುದೇ. ರಾಗಿಯನ್ನು ಮೊದಲು ಮೊರದಲ್ಲಿ ಕೇರುತ್ತಾರೆ, ಹಿಟ್ಟಾದ ಮೇಲೆ ಸಣ್ಣ ಕಣ್ಣಿನ ಒಂದರಿ ಹಿಡಿಯುತ್ತಾರೆ. ಎಲ್ಲ ಕೆಲಸವನ್ನೂ ಒಂದರಿಯ ಮೇಲೆ ಹಾಕುವುದಿಲ್ಲ. ಹಾಗೆಯೇ ಆರನ್ನು ಒಂದೇ ಸಲ ಮಾಡದೆ ಮೊದಲು ಮೂರರಲ್ಲಿ ಒಂದು, ಆಮೇಲೆ ಎರಡರಲ್ಲಿ ಒಂದು ಎಂದು ಎರಡು ಹಂತ ಮಾಡಿದರೆ, ಮೊದಲ ಹಂತಕ್ಕೆ ಒರಟು ಫಿಲ್ಟರ್ ಸಾಕು, ಸುಮಾರು 20 ಗುಣಾಕಾರದ್ದು. ನಾಜೂಕಿನ ಕೆಲಸ ಎರಡನೆಯ ಹಂತಕ್ಕೆ, ಅಲ್ಲಿ ಸುಮಾರು 97. ಒಟ್ಟು ಸೆಕೆಂಡಿಗೆ ಸುಮಾರು 11 ಲಕ್ಷ. 1 ಕೋಟಿ 39 ಲಕ್ಷ ಎಲ್ಲಿ, 11 ಲಕ್ಷ ಎಲ್ಲಿ! ಇಂಥ ಹಂತಗಳನ್ನು ಲೆಕ್ಕ ಹಾಕಿ ಆರಿಸುವ ಕ್ರಮವನ್ನು 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನವರೇ ಆದ ಕ್ರೋಶೆರ್ ಮತ್ತು ರಾಬಿನರ್ ವಿವರವಾಗಿ ಬರೆದರು.

ಮೂರನೆಯ ಉಪಾಯ 1981ರಲ್ಲಿ ಯುಜೀನ್ ಹೊಗೆನೌವರ್ ಪ್ರಕಟಿಸಿದ್ದು. ಇದರಲ್ಲಿ ಗುಣಾಕಾರವೇ ಇಲ್ಲ. ಅರ್ಥ ಮಾಡಿಕೊಳ್ಳಲು ಮನೆಯ ಕರೆಂಟು ಮೀಟರ್ ನೋಡಿ. ಅದು ದಿನವೂ ಕೂಡುತ್ತಲೇ ಹೋಗುತ್ತದೆ, ಎಂದೂ ಸೊನ್ನೆಗೆ ತರುವುದಿಲ್ಲ. ಮೀಟರ್ ಓದಲು ಬಂದವರು ಈ ತಿಂಗಳ ಅಂಕಿಯಿಂದ ಹೋದ ತಿಂಗಳ ಅಂಕಿ ಕಳೆಯುತ್ತಾರೆ, ತಿಂಗಳ ಒಟ್ಟು ಬಳಕೆ ಸಿಕ್ಕಿಬಿಡುತ್ತದೆ. 30 ದಿನದ ಬಳಕೆಯನ್ನು ಮತ್ತೆ ಕೂಡಬೇಕಿಲ್ಲ. ಮೀಟರ್ 99999 ದಾಟಿ 00000ಕ್ಕೆ ಬಂದರೂ ಲೆಕ್ಕ ಕೆಡುವುದಿಲ್ಲ, ಸರಿಯಾಗಿ ಕಳೆಯಲು ಗೊತ್ತಿದ್ದರೆ ಸಾಕು. ಹೊಗೆನೌವರ್ ಫಿಲ್ಟರ್ ಮಾಡುವುದು ಇಷ್ಟೇ: ವೇಗದ ಕಡೆ ಕೂಡುತ್ತಾ ಹೋಗುವುದು, ನಿಧಾನದ ಕಡೆ ಕಳೆಯುವುದು.

ಹಲವು ಸ್ಮಾರ್ಟ್‌ಫೋನ್‌ಗಳ ಡಿಜಿಟಲ್ ಮೈಕ್ ಸೆಕೆಂಡಿಗೆ 30,72,000 ಸಲ ಹೌದು–ಇಲ್ಲ ಎಂಬ ಒರಟು ಅಳತೆ ಮಾಡುತ್ತದೆ. ಅದನ್ನು 64 ಪಟ್ಟು ಇಳಿಸಿದರೆ 48,000. ಅಷ್ಟು ವೇಗದಲ್ಲಿ ಗುಣಿಸುತ್ತಾ ಕೂತರೆ ಬ್ಯಾಟರಿ ಉಳಿಯದು. ಅಂಥ ಕಡೆ ಮೊದಲ ಹಂತಕ್ಕೆ ಈ ಮೀಟರ್ ಉಪಾಯ ಹೇಳಿ ಮಾಡಿಸಿದಂತಿದೆ. ಅದು ಒರಟು ಜರಡಿ, ಆದ್ದರಿಂದ ಅದರ ಹಿಂದೆ ನಾಜೂಕಾದ ಇನ್ನೊಂದು ಫಿಲ್ಟರ್ ಇರುತ್ತದೆ.

ಕೊನೆಯ ವರ್ಷಗಳು

ಈ ಯಾವ ಫೋನನ್ನೂ ನೈಕ್ವಿಸ್ಟ್ ನೋಡಲಿಲ್ಲ. ನಿವೃತ್ತಿಯ ನಂತರ ಗೌರವಗಳು ಒಂದೊಂದಾಗಿ ಬಂದವು. 1960ರಲ್ಲಿ ರೇಡಿಯೊ ಎಂಜಿನಿಯರ್‌ಗಳ ಸಂಸ್ಥೆಯ ಅತ್ಯುನ್ನತ ಪದಕ ದೊರೆಯಿತು. 1976ರ ಏಪ್ರಿಲ್ 4ರಂದು, 87ನೇ ವಯಸ್ಸಿನಲ್ಲಿ ಅವರು ಟೆಕ್ಸಾಸ್ ರಾಜ್ಯದ ಹಾರ್ಲಿಂಜನ್‌ನಲ್ಲಿ ತೀರಿಕೊಂಡರು. ಸಂಗೀತದ ಸಿಡಿ ಮಾರುಕಟ್ಟೆಗೆ ಬಂದದ್ದು ಅದಾದ ಆರು ವರ್ಷಕ್ಕೆ, 1982ರಲ್ಲಿ. ಅದರ ಸೆಕೆಂಡಿಗೆ 44,100 ಅಳತೆ ಎಂಬ ಸಂಖ್ಯೆಯ ಹಿಂದೆ ಇರುವುದೂ ಇದೇ ಲೆಕ್ಕ. ಮನುಷ್ಯರ ಕಿವಿ ಕೇಳುವುದು ಸುಮಾರು 20,000 ಕಂಪನಗಳವರೆಗೆ, ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು.

ಫಾರ್ವರ್ಡ್ ಮಾಡುವ ಮುಂಚೆ

- ಚಕ್ರ, ಫ್ಯಾನ್, ಹೆಲಿಕಾಪ್ಟರ್ ರೆಕ್ಕೆ ನಿಂತಂತೆ ಅಥವಾ ಹಿಂದಕ್ಕೆ ತಿರುಗಿದಂತೆ ಕಂಡರೆ ಪವಾಡವೂ ಅಲ್ಲ, ಎಡಿಟಿಂಗ್ ಆಗಿರಲೇಬೇಕೆಂದೂ ಇಲ್ಲ. ಕ್ಯಾಮೆರಾ ಸೆಕೆಂಡಿಗೆ ತೆಗೆಯುವ ಚಿತ್ರ ಸಾಲದಾಗಿರುತ್ತದೆ.
- ಕೊಳ್ಳೇಗಾಲದ ರೇಷ್ಮೆ ಸೀರೆಯ ಸಣ್ಣ ಗೆರೆಗಳು ಫೋಟೊದಲ್ಲಿ ಅಲೆ ಅಲೆಯಾಗಿ ಕಂಡರೆ ಸೀರೆಯಲ್ಲಿ ದೋಷ ಇದೆ ಎಂದು ನೇಕಾರರನ್ನು ದೂರಬೇಡಿ. ಇದೂ ಅಲಿಯಾಸಿಂಗ್. ಹತ್ತಿರದಿಂದ ಇನ್ನೊಂದು ಫೋಟೊ ಕೇಳಿ.
- ಕೈಗಡಿಯಾರ ಅಥವಾ ಆ್ಯಪ್ ತೋರಿಸುವ ಹೃದಯ ಬಡಿತ ವಿಚಿತ್ರವಾಗಿದ್ದರೆ ಗ್ರೂಪಿನಲ್ಲಿ ಕೇಳಬೇಡಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಆ್ಯಪ್ ಏನೇ ಹೇಳಲಿ, ತಕ್ಷಣ ಆಸ್ಪತ್ರೆಗೆ ಹೋಗಿ.
- ಒಂದು ಗಂಟೆಯ ಭಾಷಣದಿಂದ ಕತ್ತರಿಸಿದ 20 ಸೆಕೆಂಡಿನ ತುಣುಕು ಬಂದರೆ 56 ದಿನದ ಸಂತೆ ನೆನಪಿಸಿಕೊಳ್ಳಿ. ತುಣುಕಿನ ಪ್ರತಿ ಪದವೂ ನಿಜವಿರಬಹುದು. ಬಿಟ್ಟದ್ದು ಏನು, ಬಿಡುವ ಮುಂಚೆ ಯಾರಾದರೂ ಸೋಸಿದರೇ ಎಂದು ಕೇಳಿ.

ಈ ಮಳೆಗಾಲದಲ್ಲಿ ಗುಂಡ್ಲುಪೇಟೆ ಕಡೆ ಹೋದರೆ ನೀವೇ ಒಂದು ಪ್ರಯೋಗ ಮಾಡಿ. ರಸ್ತೆ ಬದಿಯಲ್ಲಿ ಸುರಕ್ಷಿತ ಜಾಗದಲ್ಲಿ ನಿಂತು ಒಂದೇ ಥರದ ಕಾರುಗಳನ್ನು ಮೊದಲು ಸೆಕೆಂಡಿಗೆ 30 ಚಿತ್ರಕ್ಕೆ, ಆಮೇಲೆ 60 ಚಿತ್ರಕ್ಕೆ ಸೆಟ್ ಮಾಡಿ ವಿಡಿಯೊ ತೆಗೆಯಿರಿ. ಮೊದಲನೆಯದರಲ್ಲಿ ಹಿಂದಕ್ಕೆ ಓಡಿದ ಚಕ್ರ ಎರಡನೆಯದರಲ್ಲಿ ಅದೇ ವೇಗಕ್ಕೆ ಮುಂದಕ್ಕೆ ಓಡಬಹುದು. ಎರಡನ್ನೂ ಜೊತೆಗಿಟ್ಟು ಮನೆಯ ಗ್ರೂಪಿಗೆ ಕಳಿಸಿ, ಯಾವುದು ಸರಿ ಎಂದು ಮಕ್ಕಳನ್ನು ಕೇಳಿ.